ನುಚ್ಚಿನಗುಡ್ಡಕ್ಕೆ ಆ ಹೆಸರು ಬಂದದ್ದು

ಮಸಗಲ್ಲಿನಿಂದ ಪಡುವಣಕ್ಕೆ ಹೊರಟರೆ, ಎರೆಹೊಲಗಳು ಮುಗಿದು ಕೆಂಪು ನೆಲ ಶುರುವಾಗುವ ಕಡೆ ಒಂದು ಬೋಳುಗುಡ್ಡ ಎದುರಾಗುತ್ತದೆ. ಸರ್ಕಾರದ ನಕಾಶೆಯಲ್ಲಿ ಅದರ ಹೆಸರು ವಿಜಯಗಡ. ಆ ಹೆಸರು ಹೇಳಿ ದಾರಿ ಕೇಳಿದಿರೋ, ಬಸ್ಸಿನ ಕಂಡಕ್ಟರು ನಿಮ್ಮನ್ನು ಎಲ್ಲಿಯೋ ಇಳಿಸಿ ಕೈತೊಳೆದುಕೊಳ್ಳುತ್ತಾನೆ. ನುಚ್ಚಿನಗುಡ್ಡ ಎಂದು ಕೇಳಬೇಕು. ಒಮ್ಮೆ ಇಲ್ಲಿಗೆ ಬಂದಿದ್ದ ವಿದ್ವಾಂಸರೊಬ್ಬರು, ಇಲ್ಲಿನ ಕಲ್ಲು ನುಚ್ಚುನುಚ್ಚಾಗಿ ಒಡೆಯುವುದರಿಂದ ಈ ಹೆಸರು ಬಂದಿರಬೇಕೆಂದು ಕೆಳಗೆ ನಿಂತೇ ತೀರ್ಮಾನಿಸಿ ಹೋದರು. ಅವರು ಮೇಲೆ ಹತ್ತಿದ್ದರೆ ಆ ಮಾತು ಆಡುತ್ತಿರಲಿಲ್ಲ. ಈ ಕಲ್ಲಿಗೆ ಮದ್ದು ಇಟ್ಟು ಸೋತು, ಜಲ್ಲಿಯ ಗುತ್ತಿಗೆದಾರನೇ ತನ್ನ ಯಂತ್ರ ಎತ್ತಿಕೊಂಡು ಓಡಿಹೋಗಿದ್ದಾನೆ. ಮೇಲೆ ಕುಸಿದ ಬುರುಜು ಇದೆ, ಮಾಳಿಗೆ ಬಿದ್ದ ಉದ್ದನೆಯ ಸಾಲೆ ಇದೆ. ಸಾಲೆಯ ನೆಲದಲ್ಲಿ ಎರಡು ಸಾಲಾಗಿ ಬೀಸುಕಲ್ಲುಗಳು ಹೂತುಕೊಂಡಿವೆ. ಕೊನೆಯಲ್ಲಿ ಒಂದು ಸಣ್ಣ ಗುಡಿ. ಅದರೊಳಗೆ ಮೂರ್ತಿಯಿಲ್ಲ, ಲಿಂಗವಿಲ್ಲ. ಅಲ್ಲಿ ಪೂಜೆಗೊಳ್ಳುವುದೂ ಒಂದು ಬೀಸುಕಲ್ಲೇ.

ಹಿಂದೆ ಒಮ್ಮೆ, ಈ ಸೀಮೆ ಒಬ್ಬ ದೇಸಾಯಿಯ ಕೈಯಲ್ಲಿದ್ದಾಗ, ಗುಡ್ಡದ ಕೋಟೆಗೆ ಎರಡನೆಯ ಸುತ್ತುಗೋಡೆ ಕಟ್ಟಿಸಬೇಕೆಂಬ ಹುಚ್ಚು ಅವನ ತಲೆಯನ್ನು ಹೊಕ್ಕಿತಂತೆ. ಮನೆಗೊಬ್ಬ ಗಂಡಾಳು ಬಂದು ಬಿಟ್ಟಿಯಾಗಿ ಕಲ್ಲು ಹೊರಬೇಕೆಂದು ಡಂಗುರ ಸಾರಿಸಿದ. ಡಂಗುರದವನು ಹಳ್ಳಿಗೆ ಬಂದದ್ದು ಮೊದಲ ಮಳೆ ಬಿದ್ದು ಬಿತ್ತಲು ಕೂರಿಗೆ ಹೂಡುವ ಹೊತ್ತಿಗೆ. ಆಗ ಹೊಲ ಬಿಟ್ಟವನು ವರ್ಷವಿಡೀ ಉಪವಾಸ ಬೀಳಬೇಕು. ಸುತ್ತಲ ಹಳ್ಳಿಗಳವರು ಬರುವುದಿಲ್ಲವೆಂದರು. ಎಳೆದೊಯ್ಯಲು ಬಂದ ಸಿಪಾಯಿಗಳನ್ನು ಕಣಿವೆಯ ಬಾಯಲ್ಲಿ ಕವಣೆಕಲ್ಲಿನಿಂದ ಹೊಡೆದು ಓಡಿಸಿದರು. ಅವರ ಮುಂದೆ ನಿಂತವನು ಕಂಬಳಿಯ ಕೊಪ್ಪೆಯನ್ನು ಮೂಗಿನವರೆಗೆ ಎಳೆದುಕೊಂಡಿರುತ್ತಿದ್ದ. ದೇಸಾಯಿಯ ಕಡೆಯವರಾರೂ ಅವನ ಮುಖ ಕಂಡಿರಲಿಲ್ಲ. ಕೊಪ್ಪೆಯವನು ಎಂದೇ ಅವನನ್ನು ಕರೆಯುತ್ತಿದ್ದರು. ಸುಗ್ಗಿಯ ತನಕ ಹೋರಾಡಿದ ಮೇಲೆ, ಕಾಳು ಮುಗಿದು ನೀರೂ ಸಿಗದಂತಾಗಿ, ಮೂವತ್ತು ನಲವತ್ತು ಜನ ಒಟ್ಟಿಗೇ ಸೆರೆಸಿಕ್ಕರು. ಕಂಬಳಿಗಳನ್ನೆಲ್ಲ ಅವರು ಮೊದಲೇ ಸುಟ್ಟಿದ್ದರಿಂದ ಕೊಪ್ಪೆಯವನು ಯಾರೆಂಬುದು ತಿಳಿಯಲಿಲ್ಲ. ಅವನು ಲಗಮಣ್ಣನೆಂಬ ಕುರಿಗಾರ. ಸೆರೆಯಲ್ಲಿದ್ದವರಿಗೆಲ್ಲ ಅದು ಗೊತ್ತಿತ್ತು, ಯಾರೂ ಬಾಯಿ ಬಿಡಲಿಲ್ಲ.

ಕೋಟೆಯ ಕಿಲ್ಲೇದಾರ ರಾಣೋಜಿ ಮೊಂಡನಾದರೂ ಮಂಕನಲ್ಲ. ಸರಪಳಿಗಿಂತ ಅವಮಾನ ಹೆಚ್ಚು ಕೆಲಸ ಮಾಡುತ್ತದೆಂದು ಅವನು ಎಣಿಸಿದ. ಬೀಸುವುದು ಹೆಂಗಸರ ಕೆಲಸ. ಮೀಸೆ ಹೊತ್ತ ಗಂಡಸರನ್ನು ಬೀಸುಕಲ್ಲಿನ ಮುಂದೆ ಕೂರಿಸಿ, ಕೋಟೆಯ ಸಿಪಾಯಿಗಳಿಗೆಲ್ಲ ಜೋಳದ ಹಿಟ್ಟು ಬೀಸಲು ಹಚ್ಚಿದ. ಕೋಟೆಯ ಹೆಂಗಸರಿಗೆ ಅಷ್ಟು ದಿನ ತೋಳು ಹಗುರಾಯಿತು. ಬಂಡಾಯದವರ ಮೊದಲ ತಪ್ಪು ಇಲ್ಲಿಯೇ ಆಯಿತು. ಕಣಿವೆಯಲ್ಲಿ ಹೆಗಲಿಗೆ ಹೆಗಲು ಕೊಟ್ಟವರು ಸಾಲೆಯೊಳಗೆ ಬಂದದ್ದೇ ತಡ, ಕುರಿಗಾರರು ಒಂದು ಮೂಲೆ, ನೇಕಾರರು ಒಂದು ಮೂಲೆ, ಒಕ್ಕಲಿಗರು ಒಂದು ಮೂಲೆ ಹಿಡಿದರು. ಕೆಲವರು ಕಲ್ಲಿನ ಗೂಟ ಮುರಿದು ಬಾರುಕೋಲಿನ ಏಟು ತಿಂದರು. ಊರ ಗೌಡರ ಮಗ ಬಸಲಿಂಗನಗೌಡನಂತೂ ಕುರಿಗಾರನ ಎದುರು ಕೂತು ಹೆಂಗಸಿನ ಕೆಲಸ ಮಾಡುವುದಕ್ಕಿಂತ ಸಾಯುವುದು ಮೇಲೆಂದು ಗೋಡೆಯ ಕಡೆ ಮುಖ ಮಾಡಿ ಕೂತುಬಿಟ್ಟ. ಅವನಿಗೆ ಆಗಿನ್ನೂ ಮೀಸೆ ಸರಿಯಾಗಿ ಮೂಡಿರಲಿಲ್ಲ ಎನ್ನುತ್ತಾರೆ.

ಮೊದಲು ಕಲ್ಲಿನ ಮುಂದೆ ಕೂತವನು ಲಗಮಣ್ಣ. ಅವನಿಗೆ ಬೀಸಲು ಬರುತ್ತಿರಲಿಲ್ಲ. ಒಬ್ಬನೇ ಗೂಟ ಹಿಡಿದು ಒದ್ದಾಡುವುದನ್ನು ಸಾಲೆಯ ಉಸ್ತುವಾರಿಯ ಮುದುಕಿ ನಿಂಬೆವ್ವ ಒಂದಿಷ್ಟು ಹೊತ್ತು ನೋಡಿದಳು. ಹಿಟ್ಟು ಸಾಣಿಸಿ ಅಡುಗೆಮನೆಗೆ ಒಯ್ಯುವುದು ಅವಳ ಕೆಲಸ. ಆಮೇಲೆ ಅವಳು ಸಾಲೆಗೆಲ್ಲ ಕೇಳುವಂತೆ ಹೇಳಿದಳಂತೆ:

"ಒಬ್ಬನ ತಿರುಗ್ಸಿದರ ಸಂಜೀತನಕ ತೋಳ ಬಿದ್ದ ಹೋಗತೈತಿ ತಮ್ಮಾ. ಇದು ಎದುರಾಬದುರ ಕುಂತ ಬೀಸೂ ಕಲ್ಲು. ಎದುರಿಗೆ ಯಾರ ಕುಂತಾರ ಅಂತ ನೋಡಬ್ಯಾಡ್ರಿ, ಗೂಟ ಎಲ್ಲಿ ಐತಿ ನೋಡ್ರಿ."

ಒಬ್ಬ ನೇಕಾರ ಎದ್ದು ಬಂದು ಎದುರು ಕೂತ. ಅಲ್ಲಿಂದ ಒಬ್ಬೊಬ್ಬರಾಗಿ ಎಲ್ಲರೂ ಬಂದರು. ಕೈದಿಗಳು ಮಾತಾಡಬಾರದೆಂದು ಅಪ್ಪಣೆಯಿತ್ತು. ಆದರೆ ಪದ ಹಾಡದೆ ಬೀಸುವುದುಂಟೆ? ಪಹರೆಯವರೂ ತಾಯಂದಿರ ಪದ ಕೇಳಿ ಬೆಳೆದವರೇ ಆದ್ದರಿಂದ ಹಾಡಿಗೆ ಅಡ್ಡಿ ಮಾಡಲಿಲ್ಲ. ಪದದ ಒಂದು ಸಾಲು ಹಳೆಯದು, ಮರುಸಾಲು ಅಂದಂದಿನ ಸುದ್ದಿ. ಹೊಸ ಬುಟ್ಟಿ ಜೋಳ ಬಂದಾಗಲೆಲ್ಲ ಜೋಡಿ ಬದಲಾಗಬೇಕೆಂಬ ಕಟ್ಟಳೆ ಮಾಡಿಕೊಂಡರು. ಹೀಗೆ ಒಬ್ಬನ ಮಾತು ಸಂಜೆಯೊಳಗೆ ಎಲ್ಲರ ಕಿವಿಗೂ ಬೀಳುತ್ತಿತ್ತು. ಬಸಲಿಂಗನಗೌಡನ ಮನೆಯ ಹೊಲವನ್ನು ಊರ ಮಂದಿ ಸೇರಿ ಕೊಯ್ದುಕೊಟ್ಟ ಸುದ್ದಿ ನಿಂಬೆವ್ವನ ಬಾಯಿಂದ ಬಂದು ಸಾಲೆಯೆಲ್ಲ ಸುತ್ತಿ, ಗೋಡೆ ನೋಡುತ್ತ ಕೂತ ಅವನಿಗೆ ಎಲ್ಲರಿಗಿಂತ ಕೊನೆಗೆ ಮುಟ್ಟಿತು. ತನ್ನ ಮನೆಯ ಸುದ್ದಿ ತನಗೇ ಕೊನೆಗೆ ತಿಳಿದದ್ದು ಅವನಿಗೆ ಬಹಳ ಚುಚ್ಚಿತು. ಮರುದಿನ ಅವನೂ ಗೂಟ ಹಿಡಿದ.

ಸೆರೆಯಲ್ಲಿ ನಾಯಕನಿರಬಾರದೆಂದು ಪಟ್ಟು ಹಿಡಿದವನು ಲಗಮಣ್ಣನೇ. ಹೊರಗೆ ಒಬ್ಬ ಮುಂದೆ ನಿಲ್ಲಬೇಕು, ಒಳಗೆ ಒಬ್ಬನನ್ನು ಮುಂದೆ ನಿಲ್ಲಿಸಿದರೆ ಅವನೊಬ್ಬನನ್ನು ಮುರಿದರೆ ಸಾಕು ಎಂಬುದು ಅವನ ವಾದ. ಆದ್ದರಿಂದ ಯಾವ ವಿಷಯವೇ ಬರಲಿ, ಕಲ್ಲುಗಳೇ ತೀರ್ಪು ಕೊಡಬೇಕೆಂದು ಗೊತ್ತುಮಾಡಿದರು. ಹೇಗೆಂದರೆ, ಹಗಲೆಲ್ಲ ಪದದಲ್ಲಿ ಚರ್ಚೆ. ಕೊನೆಯ ಬುಟ್ಟಿಗೆ, ಒಪ್ಪಿಗೆಯಿದ್ದವರು ಕಾಳನ್ನು ಚಿಟಿಕೆ ಚಿಟಿಕೆಯಾಗಿ ಹಾಕಿ ನುಣ್ಣಗೆ ಬೀಸುವುದು. ಒಪ್ಪದವರು ಹಿಡಿ ಹಿಡಿಯಾಗಿ ಸುರಿದು ನುಚ್ಚು ಮಾಡುವುದು. ನಿಂಬೆವ್ವ ಸಾಣಿಸಿ ನೋಡಿ, ಯಾವುದು ಹೆಚ್ಚೆಂದು ಬೆಳಿಗ್ಗೆ ಬಂದು ಹೇಳುತ್ತಿದ್ದಳು. ಇದರಲ್ಲಿ ಒಂದು ಬಿಕ್ಕಟ್ಟು ಇತ್ತು, ಅದೇ ಇದರ ಸೊಗಸು ಎಂದು ನನಗೆ ಅನ್ನಿಸುತ್ತದೆ. ಒಂದು ಕಲ್ಲಿಗೆ ಕೂತ ಇಬ್ಬರು ಒಂದು ಮಾತಿಗೆ ಬರಲೇಬೇಕು. ಬಾರದಿದ್ದರೆ ಕಲ್ಲು ನಿಲ್ಲುತ್ತದೆ, ಕಲ್ಲು ನಿಂತರೆ ಬಾರುಕೋಲು ಬೀಳುತ್ತದೆ. ನಮ್ಮ ಕಾಲದ ಸಭೆಗಳಿಗೂ ಇಂಥದೊಂದು ಏರ್ಪಾಡು ಇದ್ದಿದ್ದರೆ ಎಷ್ಟೋ ಕೆಲಸ ಬೇಗ ಆಗುತ್ತಿತ್ತು. ಒಟ್ಟಿನಲ್ಲಿ ಕಿಲ್ಲೇದಾರ ದಿನಾ ಊಟಕ್ಕೆ ಕೂತಾಗ, ತನ್ನ ಕೈದಿಗಳ ಪಂಚಾಯ್ತಿಯ ತೀರ್ಪನ್ನು ತನಗೆ ತಿಳಿಯದಂತೆ ತಿನ್ನುತ್ತಿದ್ದ.

ಹೀಗಿರಲು ಬೇಸಿಗೆ ಮುಗಿಯುತ್ತ ಬಂತು. ರಾಣೋಜಿ ಸಾಲೆಗೆ ಬಂದು ದೇಸಾಯಿಯ ಮಾತು ತಿಳಿಸಿದ. ಕೊಪ್ಪೆಯವನನ್ನು ತೋರಿಸಿಕೊಡಬೇಕು. ಅವನೊಬ್ಬನನ್ನು ಗುಡ್ಡದ ಕಡಿದಾದ ಬದಿಯಿಂದ ಕೆಳಗೆ ತಳ್ಳಿಸಿ, ಉಳಿದವರನ್ನೆಲ್ಲ ಬಿತ್ತನೆಗೆ ಮನೆಗೆ ಕಳಿಸಲಾಗುವುದು. ಇಲ್ಲವಾದರೆ ಯಾರಿಗೂ ಬಿಡುಗಡೆಯಿಲ್ಲ. ಲಗಮಣ್ಣನಿಗೆ ಯೋಚಿಸುವುದೇನೂ ಇರಲಿಲ್ಲ. ಎದ್ದು ನಿಂತು ನಾನೇ ಎಂದುಬಿಟ್ಟಿದ್ದರೆ ಮುಗಿದಿತ್ತು. ಆದರೆ ಒಬ್ಬನೇ ಏನನ್ನೂ ತೀರ್ಮಾನಿಸಬಾರದೆಂದು ಕಟ್ಟಳೆ ಹಾಕಿದವನೂ ಅವನೇ. ಅವನು ಅದನ್ನು ಮೀರಲಾರದೆ, ತಾನು ಹೋಗಲು ಅಪ್ಪಣೆ ಬೇಕೆಂದು ಪದದಲ್ಲಿಯೇ ಕೇಳಿದ. ನುಣ್ಣಗೆ ಬಂದರೆ ಅವನು ಹೋಗುತ್ತಾನೆ, ನುಚ್ಚು ಬಂದರೆ ಉಳಿಯುತ್ತಾನೆ. ಕೊನೆಯ ಬುಟ್ಟಿಗೆ ಸರದಿಯ ಪ್ರಕಾರ ಅವನೆದುರು ಬಂದು ಕೂತವನು ಬಸಲಿಂಗನಗೌಡ.

"ಒಬ್ಬ ಹೋದರ ಇಷ್ಟೂ ಮನಿಯಾಗ ದೀಪ ಹತ್ತತಾವ, ಗೌಡ್ರ. ಸಣ್ಣಗ ಹಾಕ್ರಿ," ಎಂದ ಲಗಮಣ್ಣ, ಉಳಿದವರ ಪದದ ಮರೆಯಲ್ಲಿ ಪಿಸುಗುಟ್ಟುತ್ತ.

"ಹೊರಗ ಹೋಗಿ ಮತ್ತ ಅದ ಗೋಡಿಗೆ ಕಲ್ಲ ಹೊರೂದು. ನಿನ್ನ ಕೊಟ್ಟ ಬಂದೇವಿ ಅಂದಮ್ಯಾಲೆ, ನಾಳೆ ಯಾರ ಎದುರಿಗೆ ಯಾರು ಕುಂದರ್ತಾರ?"

"ಜೀವ ನಂದು."

"ಇಲ್ಲಿಗೆ ಬರೂಮುಂದ ನಿಂದಿತ್ತು. ಈಗ ಗೂಟದ ಮ್ಯಾಲೆ ನನ್ನ ಕೈನೂ ಐತಿ."

ಕಲ್ಲು ನಿಂತಿತು. ಪಹರೆಯವನು ಬಂದು ಇಬ್ಬರ ಬೆನ್ನಿಗೂ ಬಾರಿಸಿದ. ಲಗಮಣ್ಣ ಕುರಿ ಕಾದು ಬಿಸಿಲುಂಡ ಮೈಯವನು. ಗೌಡರ ಮಗನ ಮೈ ಮೆತ್ತಗಿನದು, ಒಂದೆರಡು ಏಟಿಗೇ ಚರ್ಮ ಸುಲಿದು ರಕ್ತ ಬಂತು. ಆದರೂ ಹುಡುಗ ಗೂಟ ಬಿಡಲಿಲ್ಲ, ಕಾಳೂ ಹಾಕಲಿಲ್ಲ, ಲಗಮಣ್ಣನ ಮುಖದಿಂದ ಕಣ್ಣೂ ತೆಗೆಯಲಿಲ್ಲ. ಪಹರೆಯವನು ಮತ್ತೆ ಕೈ ಎತ್ತಿದಾಗ ಲಗಮಣ್ಣನಿಗೆ ತಡೆಯಲಾಗಲಿಲ್ಲ. ಬುಟ್ಟಿಗೆ ಕೈ ಹಾಕಿ, ಹಿಡಿ ತುಂಬ ಕಾಳು ಎತ್ತಿ, ಕಲ್ಲಿನ ಬಾಯಿಗೆ ಸುರಿದ. ಸಾವಿಗೆ ಹೆದರದವನು ಬದುಕಲು ಒಪ್ಪಿದ್ದು ಹೀಗೆ. ಆ ಹೊತ್ತು ಅವನು ಅತ್ತನೆಂದು ಹೇಳುತ್ತಾರೆ, ನಾನಂತೂ ನಂಬುತ್ತೇನೆ. ಬೆಳಿಗ್ಗೆ ನಿಂಬೆವ್ವ ಬಂದು, ಸಾಣಿಗೆಯಿಂದ ಕೆಳಗೆ ಇಳಿದದ್ದು ಏನೂ ಇಲ್ಲವೆಂದಳು. ಎಲ್ಲ ಕಲ್ಲುಗಳಿಂದಲೂ ನುಚ್ಚೇ ಬಂದಿತ್ತು.

ಅಂದಿನಿಂದ ಅವರು ಬೀಸಿದ್ದೆಲ್ಲ ನುಚ್ಚು. ಬಿತ್ತನೆಯ ಕಾಲದಲ್ಲಿ ಬಿಟ್ಟಿ ಇಲ್ಲವೆಂದು ದೇಸಾಯಿ ಮಾತು ಕೊಟ್ಟು, ಎಲ್ಲರನ್ನೂ ಒಟ್ಟಿಗೆ ಬಿಡುವ ತನಕ ಹಿಟ್ಟಿಲ್ಲವೆಂದು ಹೇಳಿ ಕಳಿಸಿದರು. ನುಚ್ಚನ್ನು ತಟ್ಟಿದರೆ ರೊಟ್ಟಿಯಾದೀತೆ? ಅಡುಗೆಯವರು ತಟ್ಟಿದ್ದೆಲ್ಲ ಹಂಚಿಗೆ ಮುಟ್ಟುವ ಮೊದಲೇ ಬಿರಿದು ಬಿತ್ತು. ರಾಣೋಜಿ ಕೈದಿಗಳ ಊಟ ನಿಲ್ಲಿಸಿದ, ಬೆನ್ನು ಒಡೆಸಿದ. ಕಲ್ಲುಗಳು ನಿಲ್ಲಲಿಲ್ಲ, ನುಚ್ಚೂ ನಿಲ್ಲಲಿಲ್ಲ. ಕೊನೆಗೆ ಜೋಳವನ್ನು ಸಿಪಾಯಿಗಳ ಮನೆಗಳಿಗೆ ಕಳಿಸಿ, ಹೆಂಗಸರೇ ಬೀಸಲೆಂದು ಅಪ್ಪಣೆ ಮಾಡಿದ. ಆ ಹೆಂಗಸರ ತವರೂ ಇದೇ ಹಳ್ಳಿಗಳು. ಕಲ್ಲು ಹೊರಬೇಕಾದವರು ಅವರ ಅಣ್ಣತಮ್ಮಂದಿರು. ಗೋಡೆಯಾಚೆಯಿಂದ ಬರುತ್ತಿದ್ದ ಪದಗಳ ಮರುಸಾಲು ಅವರಿಗೆ ಎಂದೋ ಬಾಯಿಪಾಠವಾಗಿತ್ತು. ಮನೆಮನೆಯಿಂದಲೂ ನುಚ್ಚೇ ಬಂತು. ಮಧ್ಯಾಹ್ನ ರಾಣೋಜಿ ಊಟಕ್ಕೆ ಕೂತರೆ, ಅವನ ಹೆಂಡತಿಯೂ ತಟ್ಟೆಗೆ ನುಚ್ಚು ಬಡಿಸಿ, ಕಲ್ಲು ಸವೆದುಹೋಗಿದೆ ಎಂದಳಂತೆ. ಒಂದು ಕೋಟೆಯ ಕಲ್ಲುಗಳೆಲ್ಲ ಒಂದೇ ದಿನ ಸವೆಯುವುದಿಲ್ಲವೆಂದು ಅವನಿಗೆ ಗೊತ್ತಾಯಿತು. ತಟ್ಟೆ ಬಿಟ್ಟು ಎದ್ದವನು ನೆಟ್ಟಗೆ ದೇಸಾಯಿಯ ಹತ್ತಿರ ಹೋಗಿ, ಈ ಕೋಟೆ ಇನ್ನು ನಮ್ಮ ಕೈಯಲ್ಲಿಲ್ಲವೆಂದು ಹೇಳಿದ. ಮೋಡ ಕಟ್ಟಿತ್ತು, ಸಿಪಾಯಿಗಳೂ ಒಬ್ಬೊಬ್ಬರಾಗಿ ತಮ್ಮ ಹೊಲಗಳ ಕಡೆ ಜಾರುತ್ತಿದ್ದರು. ದೇಸಾಯಿ ಸೋತ. ಬಿತ್ತನೆಯ ಬಿಟ್ಟಿ ರದ್ದಾಯಿತೆಂದು ಅದೇ ಡಂಗುರದವನು ಸಾರಿದ.

ಬಾಗಿಲು ತೆರೆದಾಗ ಬಸಲಿಂಗನಗೌಡ ಇರಲಿಲ್ಲ. ಬೆನ್ನಿನ ಹುಣ್ಣು ಕೀತು, ಹೊಟ್ಟೆಗೂ ಇಲ್ಲದೆ, ಹಿಂದಿನ ದಿನವಷ್ಟೇ ಕಣ್ಣು ಮುಚ್ಚಿದ್ದ. ಇಷ್ಟು ದೊಡ್ಡ ಗೆಲುವು, ಆದರೆ ಯಾರ ಬಾಯಿಂದಲೂ ಒಂದು ಕೇಕೆ ಹೊರಡಲಿಲ್ಲ. ಹುಡುಗನ ತಂದೆ ಮುದಿಗೌಡ ಚೆನ್ನನಗೌಡ ಕೋಲೂರುತ್ತ ಗುಡ್ಡ ಹತ್ತಿ ಬಂದ. ಮಗನ ತಲೆ ನೇವರಿಸಿ, ಇವನು ಯಾರ ಸಲುವಾಗಿ ಸತ್ತನೋ ಅವನ ಮುಖ ನೋಡಬೇಕು ಎಂದ. ಲಗಮಣ್ಣ ಯಾರನ್ನೂ ಕೇಳದೆ ಮುಂದೆ ಬಂದ. ಅಷ್ಟು ದಿನಗಳಲ್ಲಿ ಅವನು ಕಟ್ಟಳೆ ಮೀರಿದ್ದು ಅದೊಂದೇ ಸಲ.

"ನಾನ ಅವ. ಸಣ್ಣಗ ಬೀಸು ಅಂದೆ. ಒಲ್ಲೆ ಅಂದ."

ಮುದುಕ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದ. ಕುರಿಗಾರರನ್ನು ಕಟ್ಟೆಯ ಕೆಳಗೆ ನಿಲ್ಲಿಸಿ ಮಾತಾಡಿಸುತ್ತಿದ್ದ ಮನೆತನ ಅದು. ಹೊಡೆಯುತ್ತಾನೆಂದೇ ಎಲ್ಲರೂ ಎಣಿಸಿದರು. ಚೆನ್ನನಗೌಡ ಕೋಲನ್ನು ಗೋಡೆಗೆ ಆನಿಸಿ, ಮಗ ಕೂರುತ್ತಿದ್ದ ಕಲ್ಲು ಯಾವುದೆಂದು ಕೇಳಿ, ಅವನ ಜಾಗದಲ್ಲಿ ಮೊಳಕಾಲು ಮಡಿಸಿ ಕೂತ. ಗೂಟ ಹಿಡಿದು ಲಗಮಣ್ಣನಿಗೆ ಎದುರಿನ ಜಾಗ ತೋರಿಸಿದ.

"ಕಾಳ ಹಾಕು. ಅವ ಹೆಂಗ ಬೀಸಿದ್ನೋ ಹಂಗ ಬೀಸೋಣು."

ಇಬ್ಬರೂ ಬೀಸಿದರು. ನಿಂಬೆವ್ವ ಆ ನುಚ್ಚನ್ನು ಅಲ್ಲಿಯೇ ಬೇಯಿಸಿ, ಮೊದಲು ಹುಡುಗನ ಹೆಸರಿಗೆ ಎಡೆ ಇಟ್ಟಳು. ಉಳಿದದ್ದನ್ನು ಗೌಡರು, ಕುರಿಗಾರರು, ನೇಕಾರರು ಒಂದೇ ಪಾತ್ರೆಯಿಂದ ಉಂಡು, ಹೆಣವನ್ನು ಲಗಮಣ್ಣನ ಹೆಗಲ ಮೇಲೆ ಹೊರಿಸಿ ಗುಡ್ಡ ಇಳಿದರು. ದೇಸಾಯಿ ಇಟ್ಟ ವಿಜಯಗಡವೆಂಬ ಹೆಸರು ಅಂದೇ ಬಿದ್ದುಹೋಯಿತು, ಜನ ನುಚ್ಚಿನಗುಡ್ಡ ಎಂದರು ಎನ್ನುತ್ತಾರೆ. ಎರಡನೆಯ ಸುತ್ತಿನ ಗೋಡೆ ಮೊಳಕಾಲೆತ್ತರಕ್ಕೇ ನಿಂತಿದ್ದು, ಈಗ ಅದರ ಮೇಲೆ ಕುರಿಮರಿಗಳು ಕುಣಿಯುತ್ತವೆ.

ಗುಡಿಯಲ್ಲಿರುವುದು ಆ ಇಬ್ಬರು ಕೂತ ಕಲ್ಲು. ಪೂಜಾರಿಕೆ ಲಗಮಣ್ಣನ ಮನೆತನದ್ದು. ಹೊತ್ತೇರಿದ ಮೇಲೆ ಹೋದರೆ, ಪೂಜಾರಿ ಕಲ್ಲಿನ ಒಂದು ಬದಿಗೆ ಕೂತಿರುವುದು ಕಾಣುತ್ತದೆ. ಪಕ್ಕದಲ್ಲಿ ಬುಟ್ಟಿ ತುಂಬ ಜೋಳ. ಎದುರು ಬದಿ ಖಾಲಿ. ಒಬ್ಬನೇ ಆ ಕಲ್ಲನ್ನು ಅವನು ತಿರುಗಿಸುವುದಿಲ್ಲ. ಯಾರೂ ಬಾರದ ದಿನ ನೈವೇದ್ಯವೂ ಇಲ್ಲ, ಅವನ ಊಟವೂ ಇಲ್ಲ. ನಾನು ಮೊದಲ ಸಲ ಹೋದಾಗ ಇದೆಲ್ಲ ತಿಳಿಯದೆ ಬಾಗಿಲಲ್ಲೇ ನಿಂತಿದ್ದೆ. ಅವನು ಹೆಸರು ಕೇಳಲಿಲ್ಲ, ಊರು ಕೇಳಲಿಲ್ಲ. ತನ್ನ ಕೈಯನ್ನು ಸ್ವಲ್ಪ ಕೆಳಗೆ ಸರಿಸಿ, ಗೂಟದ ಮೇಲೆ ಇನ್ನೊಂದು ಕೈಗೆ ಜಾಗ ಬಿಟ್ಟ.