ಗಾಜಿನ ಕಪಾಟಿನ ಆಕ್ಟೋಪಸ್

ತಿಂಗಳು ತುಂಬದೆ ಹುಟ್ಟಿದ ಕೂಸುಗಳು ಹಿಡಿದುಕೊಳ್ಳಲೆಂದು ಸುಗಂಧಮ್ಮ ಕ್ರೋಶಾ ಕಡ್ಡಿಯಲ್ಲಿ ಎಂಟು ಕಾಲಿನ ನೂಲಿನ ಆಕ್ಟೋಪಸ್ ಗೊಂಬೆ ಹೆಣೆದು ಆಸ್ಪತ್ರೆಗೆ ಕೊಟ್ಟರು. ಆಸ್ಪತ್ರೆಯವರು ಅದನ್ನು ಬಾಗಿಲ ಬಳಿಯ ಗಾಜಿನ ಕಪಾಟಿನಲ್ಲಿಟ್ಟು ಬೀಗ ಹಾಕಿದರು.

"ನನ್ನನ್ನು ಬಿಡು, ಒಳಗೆ ಕೂಸು ಅಳುತ್ತಿದೆ," ಎಂದಿತು ಆಕ್ಟೋಪಸ್.

"ಇಲ್ಲಿದ್ದರೆ ಬಂದವರೆಲ್ಲ ಹೊಗಳುತ್ತಾರೆ. ಅಲ್ಲಿಗೆ ಹೋದರೆ ಎಂಜಲಾಗುತ್ತೀಯೆ, ಬಿಸಿನೀರಲ್ಲಿ ಬೆಂದು ಬಣ್ಣಗೆಡುತ್ತೀಯೆ. ನಾನು ನಿನ್ನ ಮಾನ ಕಾಯುತ್ತಿದ್ದೇನೆ," ಎಂದಿತು ಕಪಾಟು.

ಆಕ್ಟೋಪಸ್‌ಗೆ ಮೈಯೆಲ್ಲ ಉರಿಯಿತು. "ಕೂಸು ಎಳೆದರೆ ಕಿತ್ತು ಬರಬಾರದೆಂದು ಸುಗಂಧಮ್ಮ ನನ್ನ ಒಂದೊಂದು ಕಾಲನ್ನೂ ಜಗ್ಗಿ ನೋಡಿ ಕಳಿಸಿದ್ದಾರೆ. ಹೊಗಳಿಸಿಕೊಳ್ಳಲಿಕ್ಕೆ ಅಲ್ಲ!"

ಅಷ್ಟರಲ್ಲಿ ನರ್ಸ್ ಬೆನೆಡಿಕ್ಟಾ ಓಡಿ ಬಂದಳು. "ಹಿಡಿಯೋಕೆ ಏನೂ ಸಿಗದೆ ಕೂಸು ಮತ್ತೆ ಮೂಗಿನ ಪೈಪು ಕಿತ್ಕೊಂಡಿದೆ! ಈ ಕಪಾಟಿನ ಕೀಲಿ ಯಾರ ಹತ್ರ ಇದೆ?"

ಕೀಲಿ ದೊಡ್ಡ ಡಾಕ್ಟರ ಜೇಬಲ್ಲಿತ್ತು, ಡಾಕ್ಟರು ಊರಲ್ಲಿರಲಿಲ್ಲ. ಬೆನೆಡಿಕ್ಟಾ ಹಿಂದಿರುಗಿ ಪೈಪು ಕೂರಿಸಿ, ಕೂಸಿನ ಮುಷ್ಟಿಗೆ ತನ್ನ ಕಿರುಬೆರಳನ್ನೇ ಕೊಟ್ಟು ನಿಂತಳು.

ಆಕ್ಟೋಪಸ್ ಗಾಜಿನಾಚೆ ನೋಡುತ್ತಲೇ ಕೇಳಿತು: "ಈಗ ಹೇಳು ಕಪಾಟೇ, ನೀನು ಕಾದದ್ದು ಯಾರ ಮಾನ?"