ಗದ್ದಿಗೆಯ ಹೂವು ಎಡಕ್ಕೆ ಬಿದ್ದ ದಿನ

ಹಿರೇಕೊಳ್ಳದ ಮಠವೆಂದರೆ ಹಿಂದಿನ ಗುರುಗಳ ಸಮಾಧಿಯ ಗದ್ದಿಗೆ, ಹೊಗೆ ಹಿಡಿದ ದಾಸೋಹದ ಮನೆ, ಅಷ್ಟೇ. ಮಠದ ಸ್ವಾಮಿಗಳಾದ ಪೂಜ್ಯ ಸಂಗಯ್ಯಜ್ಜನವರು ಅಲ್ಲಿ ನೆಲದ ಮೇಲೆ ಕುಳಿತು, ಬಂದವರೊಡನೆ ಮಾತಾಡುತ್ತ ಬದನೆಕಾಯಿ ಹೆಚ್ಚುತ್ತಿದ್ದರು.

ಒಂದು ಸೋಮವಾರ ಬಾಳವ್ವ ಎಂಬ ತಾಯಿ ಎಂಟು ವರ್ಷದ ಮಗಳು ಸುಗಲಾಳನ್ನು ಎತ್ತಿಕೊಂಡು ಬಂದಳು. ಮಾಳಿಗೆಯಿಂದ ಬಿದ್ದು ಮಗುವಿನ ಬೆನ್ನುಹುರಿಗೆ ಪೆಟ್ಟಾಗಿತ್ತು. ಸೊಂಟದ ಕೆಳಗೆ ಸ್ವಾಧೀನವಿರಲಿಲ್ಲ. ಮತ್ತೆ ನಡೆಯುವುದು ಹೆಚ್ಚುಕಡಿಮೆ ಇಲ್ಲವೆಂದೇ ತಿಳಿಯಿರಿ, ಆದರೆ ವ್ಯಾಯಾಮ ಬಿಡಬೇಡಿ, ಕೈಗೆ ಬಲ ಬರುತ್ತದೆ, ಕೂರುತ್ತಾಳೆ, ಶಾಲೆಗೂ ಹೋಗುತ್ತಾಳೆ ಎಂದು ಪಟ್ಟಣದ ಡಾಕ್ಟರಮ್ಮ ಬಿಡಿಸಿ ಹೇಳಿದ್ದರು. ಬಾಳವ್ವನ ಭಾವ ಬಸಲಿಂಗಪ್ಪನ ಕಿವಿಗೆ ಬಿದ್ದದ್ದು ಮೊದಲ ಮಾತು ಮಾತ್ರ. ಮನೆಯ ಹಿರಿಯ ಅವನೇ. ಗದ್ದಿಗೆಯ ಹೂ ಕೇಳೋಣ, ಬಲಕ್ಕೆ ಬಿದ್ದರೆ ಆಸ್ಪತ್ರೆ, ಎಡಕ್ಕೆ ಬಿದ್ದರೆ ಈ ಓಡಾಟ ಸಾಕು ಎಂದು ಪಟ್ಟು ಹಿಡಿದು ಕರೆತಂದಿದ್ದ.

ನೀರಲ್ಲಿ ಅದ್ದಿದ ಸೇವಂತಿಗೆಯನ್ನು ಗದ್ದಿಗೆಗೆ ಏರಿಸಿದರು. ಹೂ ಜಾರಿ ಎಡಕ್ಕೇ ಬಿತ್ತು.

ನೆರೆದಿದ್ದ ಹೆಂಗಸರು ಲೊಚಗುಟ್ಟಿದರು. ಬಸಲಿಂಗಪ್ಪ ಟವೆಲ್ ಕೊಡವಿಕೊಂಡು ಎದ್ದ. ಭಾವನೆದುರು ಎಂದೂ ದನಿ ಎತ್ತದ ಬಾಳವ್ವ ಅಂದು ಗದ್ದಿಗೆಯ ಮುಂದೆಯೇ ಸೆಟೆದು ನಿಂತಳು.

"ಈ ಹೂವಿನ ಮಾತು ನಾ ಕೇಳಂಗಿಲ್ರಿ ಅಜ್ಜಾರ. ನೀವು ಶಾಪ ಕೊಟ್ರೂ ಕೇಳಂಗಿಲ್ಲ."

ಪೂಜ್ಯರು ಈಳಿಗೆ ಮಣೆ ಸರಿಸಿ ಎದ್ದು ಬಂದು, ಗದ್ದಿಗೆಗೆ ನಮಿಸಿ, ಬಿದ್ದ ಹೂವನ್ನು ಮಗುವಿನ ಮುಡಿಗೇರಿಸಿದರು.

"ನಾನೂ ಕೇಳಂಗಿಲ್ಲವ್ವ. ಕಾಲು ಬರದಿದ್ರ ಕೂಸು ಬ್ಯಾಡ ಅಂತ ನನ್ನ ಗುರು ಎಂದೂ ಹೇಳಿಲ್ಲ."

ಆಮೇಲೆ ಡಾಕ್ಟರಮ್ಮ ಹೇಳಿದ್ದನ್ನೆಲ್ಲ ಬಾಳವ್ವನ ಬಾಯಿಂದ ಪೂರ್ತಿ ಹೇಳಿಸಿದರು. ಬಸಲಿಂಗಪ್ಪ ಅದನ್ನು ಹೊಸದಾಗಿ ಕೇಳುವವನಂತೆ ಕೇಳಿದ. ಎಲ್ಲ ಮುಗಿದ ಮೇಲೆ ಅಜ್ಜನವರು ಮೆಲ್ಲಗೆ ಒಂದೇ ಮಾತು ಕೇಳಿದರು.

"ಇದನ್ನ ಈ ಕೂಸಿಗೆ ಹೇಳಿಯೇನವ್ವ?"

ಬಾಳವ್ವನ ಸೆಟೆದ ಮೈ ಕುಗ್ಗಿತು. ಇಷ್ಟು ದಿನ ಎಲ್ಲರೂ ಮಗುವಿನ ತಲೆಯ ಮೇಲೆಯೇ ಪಿಸುಗುಟ್ಟಿದ್ದರು. ನಾಳೆ ಏಳ್ತಿ, ನಾಡಿದ್ದು ಓಡ್ತಿ ಎಂದು ದಿನವೂ ನಂಬಿಸಿದವಳು ತಾನೇ. ಭಾವನಿಗೆ ಹೆದರದವಳು, ದೇವರಿಗೂ ಹೆದರದವಳು ಮಗಳ ಕಣ್ಣಿಗೆ ಹೆದರಿದ್ದಳು. ಮಗುವಿನ ಮುಂದೆ ಕುಳಿತು, ಅಳುತ್ತಲೇ, ಒಂದೂ ಬಚ್ಚಿಡದೆ ಹೇಳಿದಳು.

ಸುಗಲಾ ಬಹಳ ಹೊತ್ತು ತನ್ನ ಕಾಲನ್ನೇ ನೋಡಿದಳು.

"ಮತ್ತ ಸಾಲಿಗಿ ಹೆಂಗ ಹೋಗ್ಲೆವ್ವಾ?"

ಬಾಳವ್ವ ಬಾಯಿ ತೆರೆಯುವ ಮೊದಲೇ ಬಸಲಿಂಗಪ್ಪ ಬಂದು, ಮಗುವಿಗೆ ಬೆನ್ನು ಕೊಟ್ಟು ಕುಕ್ಕುರುಗಾಲಲ್ಲಿ ಕುಳಿತ. ಅವನ ಕಣ್ಣು ಒದ್ದೆಯಾಗಿತ್ತು.

"ದೊಡ್ಡಪ್ಪನ ಕೊರಳು ಗಟ್ಟಿ ಹಿಡಕೋ," ಎಂದ. "ಕೈ ಬಲಾ ಬರಬೇಕಲ್ಲ."