ನೀರಗಂಟಿಯ ಚಾಟ್‌ಬಾಟ್

"ಗುರುಗಳೇ, ಕೇಳಿದವರಿಗೆಲ್ಲ ನಾನು ಉತ್ತರ ಕೊಡುತ್ತೇನೆ. ಒಂದು ಪ್ರಶ್ನೆಯನ್ನು ಹತ್ತು ಬಗೆಯಲ್ಲಿ ಬಿಡಿಸಿ ಹೇಳುತ್ತೇನೆ. ಆದರೂ ಮಾತು ಮುಗಿಯುವುದಿಲ್ಲ, ದಣಿವು ತಪ್ಪುವುದಿಲ್ಲ. ಏನು ಮಾಡಲಿ?" ಎಂದು ಶಿಷ್ಯ ಕೇಳಿದ.

ಗುರುಗಳು ಕತೆ ಹೇಳಿದರು.

ಒಂದೂರಿನಲ್ಲಿ ಒಬ್ಬ ನೀರಗಂಟಿ ಇದ್ದ. ಓಣಿ ಓಣಿಗೆ ಹೋಗಿ ವಾಲ್ವ್ ತಿರುಗಿಸಿ ನಲ್ಲಿಗೆ ನೀರು ಬಿಡುವುದು ಅವನ ಕೆಲಸ. ಒಂದೊಂದು ಓಣಿಗೆ ಎಂಟು ದಿನಕ್ಕೊಮ್ಮೆ, ಅದೂ ಒಂದೇ ತಾಸು ನೀರು. ಆ ತಾಸು ತಪ್ಪಿದರೆ ಓಣಿಯವರು ಮತ್ತೆ ಎಂಟು ದಿನ ಕಾಯಬೇಕು. ವಾಲ್ವಿನ ಕಬ್ಬಿಣದ ಕೀಲಿ ಅಪ್ಪನ ಕೈಯಿಂದ ಅವನ ಕೈಗೆ ಬಂದದ್ದು. ಅದರ ಮೇಲೆ ಅವನಿಗೆ ಹೆಂಡತಿಯ ಮೇಲಿದ್ದಷ್ಟೇ ಪ್ರೀತಿ. ಹೆಂಡತಿಯನ್ನು ಕೇಳಿದರೆ ಒಂದು ಗುಲಗಂಜಿ ಹೆಚ್ಚೇ ಎನ್ನುತ್ತಿದ್ದಳು.

ಊರಿನವರ ಕೈಗೆಲ್ಲ ಮೊಬೈಲ್ ಬಂದ ಮೇಲೆ ನೀರಗಂಟಿಗೆ ಉಸಿರು ಬಿಡಲು ಪುರುಸೊತ್ತಿಲ್ಲದಂತಾಯಿತು. ನೀರು ಯಾವಾಗ ಬರುತ್ತದೆ ಎಂದು ಎಲ್ಲರೂ ಅವನಿಗೇ ಸಂದೇಶ ಕಳಿಸುತ್ತಿದ್ದರು. ಒಂದು ದಿನ ಇಪ್ಪತ್ತು ಮಂದಿಗೆ ಉತ್ತರ ಬರೆಯುತ್ತ ಕುಳಿತು ಕುಂಬಾರ ಓಣಿಯ ಸರದಿಯನ್ನೇ ಮರೆತ. ಇಡೀ ಓಣಿ ಎಂಟು ದಿನ ಪಕ್ಕದ ಓಣಿಗಳಲ್ಲಿ ಕೊಡ ಹಿಡಿದು ಬೇಡಿತು. ಪಂಚಾಯಿತಿ ಅಧ್ಯಕ್ಷರು ಅವನನ್ನು ಕರೆಸಿದರು.

"ಇನ್ನೊಂದು ಸಲ ಹಿಂಗಾತಂದ್ರ ಕೀಲಿ ಬ್ಯಾರೆಯವರ ಕೈಗೆ ಕೊಡ್ತೀನಿ ನೋಡು," ಎಂದರು.

ನೀರಗಂಟಿ ಕೀಲಿಯನ್ನು ಬಿಗಿಯಾಗಿ ಹಿಡಿದುಕೊಂಡು ನೇರ ಪಂಪ್‌ಹೌಸಿಗೆ ನಡೆದ.

ಪಂಪ್‌ಹೌಸಿನಲ್ಲಿ ಒಂದು ಹಳೆಯ ಕಂಪ್ಯೂಟರ್ ಇತ್ತು. ಟ್ಯಾಂಕಿನ ನೀರಿನ ಮಟ್ಟ ದಾಖಲಿಸುವುದಕ್ಕೆಂದು ಅವನು ಅದರಲ್ಲಿ ಶೆಲ್ ಸ್ಕ್ರಿಪ್ಟ್ ಬರೆಯಲು ಕಲಿತಿದ್ದ. ಶೆಲ್ ಸ್ಕ್ರಿಪ್ಟ್ ಎಂದರೆ ಬ್ರಹ್ಮವಿದ್ಯೆಯೇನಲ್ಲ. ಮೊದಲು ಇದನ್ನು ಮಾಡು, ಆಮೇಲೆ ಅದನ್ನು ಮಾಡು ಎಂದು ಕಂಪ್ಯೂಟರಿಗೆ ಬರೆದುಕೊಡುವ ಚೀಟಿ, ಅಷ್ಟೆ. ಅವನು ಹೊಸ ಚೀಟಿಯೊಂದನ್ನು ಬರೆದ. ಐದು ಸೆಕೆಂಡಿಗೊಮ್ಮೆ ಊರಿನ ಮೊಬೈಲ್ ಗುಂಪಿಗೆ ಹೊಸದಾಗಿ ಬಂದ ಸಂದೇಶ ಓದು. ಅದರಲ್ಲಿ ನೀರು ಎಂಬ ಮಾತೂ ಓಣಿಯ ಹೆಸರೂ ಇದ್ದರೆ ನೀರಿನ ವೇಳೆಯ ಪಟ್ಟಿಯಲ್ಲಿ ಆ ಓಣಿಯ ಸಾಲು ಹುಡುಕು. ಸಿಕ್ಕ ಸಾಲನ್ನು ನನ್ನ ಹೆಸರಿನಲ್ಲಿ ಗುಂಪಿಗೆ ಕಳಿಸು. ಮತ್ತೆ ಮೊದಲಿನಿಂದ ಶುರು ಮಾಡು. ಎಲ್ಲ ಸೇರಿ ಮೂವತ್ತು ಸಾಲು.

ಪಂಚಾಯಿತಿಗೆ ಬಂದಿದ್ದ ಎಂಜಿನಿಯರೊಬ್ಬ ಅದನ್ನು ನೋಡಿ ನಕ್ಕ. ಕೇಳಿದ್ದಕ್ಕೆ ತಾನೇ ಉತ್ತರ ಕೊಡುವ ಚಾಟ್‌ಬಾಟ್ ಮಾಡಲು ದೊಡ್ಡ ದೊಡ್ಡವರೇ ತಿಣುಕುತ್ತಿರುವಾಗ ವಾಲ್ವ್ ತಿರುಗಿಸುವವನ ಮೂವತ್ತು ಸಾಲು ಯಾವ ಮೂಲೆಗೆ ಎಂದ.

ಮರುದಿನ ಬೆಳಿಗ್ಗೆ ನೀರಗಂಟಿ ಸ್ಕ್ರಿಪ್ಟನ್ನು ಓಡಲು ಬಿಟ್ಟು, ಕೀಲಿ ಹೆಗಲಿಗೇರಿಸಿ ಹೊರಟ. ಕುಂಬಾರ ಓಣಿಯ ಮುದುಕಿಯೊಬ್ಬಳು ತನ್ನ ಓಣಿಗೆ ನೀರು ಯಾವಾಗ ಎಂದು ಗುಂಪಿನಲ್ಲಿ ಕೇಳಿದಳು. 'ಕುಂಬಾರ ಓಣಿಗೆ ನೀರು ಗುರುವಾರ ಏಳು ಗಂಟೆಗೆ' ಎಂದು ಚಾಟ್‌ಬಾಟ್ ಹೇಳಿತು. ಐದು ಸೆಕೆಂಡು ಕಳೆದ ಮೇಲೆ ಅದನ್ನೇ ಹೇಳಿತು. ಮತ್ತೂ ಹೇಳಿತು. ಊರಿನ ಮೊಬೈಲುಗಳೆಲ್ಲ ಒಂದೇ ಸಮನೆ ಟಿಣ್‌ಗುಟ್ಟತೊಡಗಿದವು.

ನೀರಗಂಟಿ ಪಂಪ್‌ಹೌಸಿಗೆ ಓಡಿ ಬಂದ. ಜನಕ್ಕೆ ಉತ್ತರ ಸಾಲುತ್ತಿಲ್ಲ, ಅದಕ್ಕೇ ಬಿಡದೆ ಕೇಳುತ್ತಿದ್ದಾರೆ ಎಂದುಕೊಂಡ. ಪಟ್ಟಿಯಲ್ಲಿ ಇನ್ನಷ್ಟು ಬಿಡಿಸಿ ಬರೆದ. ಕುಂಬಾರ ಓಣಿಯ ಉತ್ತರದ ಜೊತೆಗೆ ಗಾಣಿಗರ ಓಣಿಯ ನೀರಿನ ವೇಳೆಯನ್ನೂ ಸೇರಿಸಿದ. ಉರಿಯುವ ಬೆಂಕಿಗೆ ತುಪ್ಪ ಸುರಿದಂತಾಯಿತು. ಒಂದು ಉತ್ತರ ಬರುತ್ತಿದ್ದ ಕಡೆ ಎರಡು ಬರತೊಡಗಿದವು.

ಮಧ್ಯಾಹ್ನ ಆ ಮುದುಕಿಯೇ ಪಂಪ್‌ಹೌಸಿಗೆ ನಡೆದು ಬಂದಳು.

"ತಮ್ಮಾ, ನಾ ಕೇಳಿದ್ದು ಒಂದ ಸಲ. ಉಳಿದ ಸಾವಿರ ಸಲ ಯಾರು ಕೇಳ್ಯಾರ?" ಎಂದಳು.

"ತಡಿ ಯವ್ವಾ, ನೋಡ್ತೀನಿ," ಎಂದ ನೀರಗಂಟಿ.

ಪ್ರತಿ ಸಂದೇಶದ ಜೊತೆಗೂ ಕಳಿಸಿದವರ ಹೆಸರು ಇರುತ್ತದೆ. ಅವನು ಅಲ್ಲಿಯವರೆಗೆ ಅದನ್ನು ನೋಡಿಯೇ ಇರಲಿಲ್ಲ. ಮೊದಲನೆಯದು ಮುದುಕಿಯದು. ಉಳಿದವೆಲ್ಲ ಅವನ ಹೆಸರಿನವೇ. ಚಾಟ್‌ಬಾಟ್ ಕಳಿಸಿದ ಉತ್ತರದಲ್ಲೂ ನೀರು ಎಂಬ ಮಾತಿತ್ತು, ಓಣಿಯ ಹೆಸರಿತ್ತು. ಅದನ್ನು ಯಾರದೋ ಪ್ರಶ್ನೆ ಎಂದು ತಿಳಿದು ಅದು ತನಗೆ ತಾನೇ ಉತ್ತರ ಕೊಡುತ್ತ ಕುಳಿತಿತ್ತು. ನೀರಗಂಟಿಗೆ ನಾಚಿಕೆಯಾಯಿತು. ಆಮೇಲೆ ಮುದುಕಿಯ ಜೊತೆ ಸೇರಿ ಅವನೂ ನಕ್ಕ. ಕುಂಬಾರ ಓಣಿಯ ಸಾಲಿಗೆ ತಾನು ಸೇರಿಸಿದ್ದನ್ನು ಅಳಿಸಿದ. ಚೀಟಿಯ ತಲೆಯ ಮೇಲೆ ಹೊಸದೊಂದು ಸಾಲು ಬರೆದ: ಕಳಿಸಿದವನು ನಾನೇ ಆದರೆ ಸುಮ್ಮನಿರು.

ಗುರುವಾರ ಬೆಳಗಾಗುತ್ತಲೇ ಊರಿನ ದೊಡ್ಡ ಪೈಪು ಒಡೆಯಿತು. ಅದು ಸರಿಹೋಗುವ ಹೊತ್ತಿಗೆ ಮಧ್ಯಾಹ್ನವಾಯಿತು. ಆ ದಿನ ನೀರು ಬಿಡಬೇಕಾದ ಐದು ಓಣಿಗಳ ವೇಳೆಯೂ ಬದಲಾಯಿತು. ಊರಿಗೆ ಊರೇ ಒಟ್ಟಿಗೆ ಪ್ರಶ್ನೆ ಕೇಳಿತು. ನೀರಗಂಟಿ ಪಟ್ಟಿಯ ಐದು ಸಾಲು ತಿದ್ದಿ, ಮೊಬೈಲನ್ನು ಪಂಪ್‌ಹೌಸಿನಲ್ಲೇ ಬಿಟ್ಟು ಹೊರಟ. ಕೇಳಿದವರಿಗೆಲ್ಲ ಒಂದೊಂದೇ ಉತ್ತರ ಹೋಯಿತು. ಅವನ ಎರಡು ಕೈಗಳೂ ಕೀಲಿಯ ಮೇಲಿದ್ದವು. ಐದು ವಾಲ್ವುಗಳಲ್ಲಿ ಒಂದೂ ಒಂದು ನಿಮಿಷ ತಡವಾಗಲಿಲ್ಲ. ಕುಂಬಾರ ಓಣಿಯಲ್ಲಿ ಹೇಳಿದ ವೇಳೆಗೆ ಹೆಂಗಸರು ಸಾಲಾಗಿ ಕೊಡ ಇಟ್ಟು ನಿಂತಿದ್ದರು. ಅವನು ಕೀಲಿ ತಿರುಗಿಸಿದ. ನಲ್ಲಿಗಳು ಭೋರ್ಗರೆದವು. ಓಣಿಯೆಲ್ಲ ಹೋ ಎಂದು ಕೂಗಿತು. ನೋಡಲು ಬಂದಿದ್ದ ಅಧ್ಯಕ್ಷರು ಅವನ ಬೆನ್ನು ತಟ್ಟಿದರು. ಅವನ ಸಂತೋಷಕ್ಕೆ ಪಾರವಿರಲಿಲ್ಲ. ಕೀಲಿಯನ್ನು ತಲೆಯ ಮೇಲೆ ಎರಡೂ ಕೈಯಲ್ಲಿ ಎತ್ತಿ ಹಿಡಿದು ಓಣಿಯ ನಟ್ಟನಡುವೆ ನಿಂತ.

"ಮೂವತ್ತೊಂದೇ ಸಾಲಿನಲ್ಲಿ ಊರನ್ನು ಗೆದ್ದನಲ್ಲ ಗುರುಗಳೇ!" ಎಂದು ಶಿಷ್ಯ ಹಿಗ್ಗಿದ.

ಗುರುಗಳು ಹೇಳಿದರು: "ನಿನ್ನೆ ನಿನ್ನಲ್ಲಿಗೆ ಬಂದಿದ್ದ ಬಡಗಿ ಕೇಳಿದ್ದು ಒಂದೇ ಮಾತು, ಸಂಜೆಯವರೆಗೆ ನೀನು ಉತ್ತರ ಕೊಟ್ಟದ್ದು ಯಾರ ಮಾತಿಗೆ?"

ಶಿಷ್ಯ ಉತ್ತರ ಕೊಡಲಿಲ್ಲ.